ಜಯನಗರದ ವಿಳಾಸ

ಬಿಳೇಕಹಳ್ಳಿ
೧೪ ಜೂನ್ ೧೯೮೧

ಪಂಕಜಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯಬೇಕು. ಬರೆಯುವುದಿಲ್ಲ. ಸಿಟ್ಟು ಬಂದಿದೆ, ಅದನ್ನು ನಿನ್ನ ಹತ್ತಿರ ಅಲ್ಲದೆ ಬೇರೆ ಎಲ್ಲೂ ತೋರಿಸುವಂತಿಲ್ಲ.

ನೀನು ಮದುವೆಯಾಗಿ ಭಿಲಾಯಿಗೆ ಹೋದ ಮೇಲೆ ನಾನು ಟೈಪಿಂಗ್ ಸೀನಿಯರ್ ಪಾಸಾದೆ, ಶಾರ್ಟ್‌ಹ್ಯಾಂಡೂ ಆಯಿತು. ನಾಗಲಕ್ಷ್ಮಮ್ಮ ಮೇಡಂ ಇನ್‌ಸ್ಟಿಟ್ಯೂಟಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆದು ವಾರವಿಡೀ ಅಳಿಸಲಿಲ್ಲ. "ಜಯಶೀಲಾ, ಇನ್‌ಮೇಲೆ ನಿನ್ನ ಹಿಡಿಯೋರಿಲ್ಲ ಕಣಮ್ಮ" ಎಂದರು. ನಿಜ. ಯಾರೂ ಹಿಡಿಯುತ್ತಿಲ್ಲ. ನಾವಿಬ್ಬರೂ ಅಕ್ಕಪಕ್ಕದ ಮಿಶನ್ನುಗಳ ಮುಂದೆ ಕೂತು ಕಲಿತ ಕಾಲದಲ್ಲಿ, ಬೆರಳು ಓಡಿದರೆ ಕೆಲಸ ತಾನಾಗಿ ಓಡಿಬರುತ್ತದೆ ಎಂದುಕೊಂಡಿದ್ದೆವಲ್ಲ. ಅರ್ಜಿ ಹಾಕಿದ ಕಡೆಯಿಂದ ಉತ್ತರವೇ ಇಲ್ಲ. ಬೇಡ ಎಂದಾದರೂ ಬರೆಯಬಾರದೇ?

ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾರ್ಡು ಇದೆ. "ನಿಮಗೇನ್ ಬಿಡಮ್ಮ, ರಿಸರ್ವೇಶನ್ ಇದೆ" ಎನ್ನುವವರು ಬಸ್ ಸ್ಟಾಪಿನಲ್ಲೂ ಸಿಗುತ್ತಾರೆ. ನನ್ನ ಸರದಿ ಬರುವಷ್ಟರಲ್ಲಿ ನನಗೆ ಕನ್ನಡಕ ಬಂದಿರುತ್ತದೆ. ಅದಕ್ಕೇ ಪ್ರೈವೇಟ್ ಕಂಪನಿಗಳ ಬಾಗಿಲು ತಟ್ಟುತ್ತಿದ್ದೇನೆ.

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಮಹಡಿಯಲ್ಲಿ ಒಂದು ಆಫೀಸಿಗೆ ನಾನೇ ಹೋಗಿ ಅರ್ಜಿ ಕೊಟ್ಟೆ. ಅಲ್ಲಿದ್ದವರು ಸರ್ಟಿಫಿಕೇಟು ನೋಡಿ ಹುಬ್ಬೇರಿಸಿದರು. ಹೆಸರಿನ ಕೆಳಗಿನ ಸಾಲು ನೋಡಿದ ಮೇಲೆ ಹುಬ್ಬು ಇಳಿಯಿತು.

"ಬಿಳೇಕಹಳ್ಳಿ... ಊರೊಳಗಾ, ಕಾಲೋನಿನಾ?"

"ಕಾಲೋನಿ ಸಾರ್."

"ಸರಿ, ತಿಳಿಸ್ತೀವಿ."

ಏನು ತಿಳಿಸಬೇಕೋ ಅದನ್ನು ಆಗಲೇ ತಿಳಿಸಿದರು.

ಅಪ್ಪ ನಮ್ಮೂರ ಪಕ್ಕ ಏಳುತ್ತಿರುವ ಮ್ಯಾನೇಜ್‌ಮೆಂಟ್ ಕಾಲೇಜಿನ ಕಟ್ಟಡಕ್ಕೆ ಕಲ್ಲು ಕೆತ್ತುತ್ತಿದ್ದಾನೆ. ಕೆಲಸಕ್ಕೆ ಜನರನ್ನು ಹೇಗೆ ಆರಿಸಬೇಕು ಎಂದು ಅದರೊಳಗೆ ಪಾಠ ಹೇಳುತ್ತಾರಂತೆ. "ಗೋಡೆ ಏಳ್ಲಿ, ಆಮೇಲೆ ನಾನೇ ಒಳೀಕೋಗಿ ಕೇಳ್ತೀನಿ, ನನ್ ಮಗಳ್ನ ಯಾಕ್ರಪ್ಪಾ ಆರಿಸ್ಲಿಲ್ಲ ಅಂತ" ಎಂದು ನಗುತ್ತಾನೆ. ಅವ್ವನೂ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ನಿನ್ನ ಜಯಶೀಲಾ


ಭಿಲಾಯಿ
೨ ಜುಲೈ ೧೯೮೧

ಪ್ರೀತಿಯ ಜಯಾ,

ನಿನ್ನ ಕಾಗದ ಓದಿ ನನಗೂ ಸಿಟ್ಟು ಬಂತು. ಆದರೆ ಸಿಟ್ಟಿನಿಂದ ಕೆಲಸ ಸಿಗುವುದಿಲ್ಲ ಕಣೇ. ಒಂದು ಕೆಲಸಕ್ಕೆ ಸಾವಿರ ಅರ್ಜಿ ಬೀಳುವ ಕಾಲ ಇದು. ಸಾವಿರದಲ್ಲಿ ನೀನು ಎದ್ದು ಕಾಣಬೇಕು.

ನಮ್ಮವರಿಗೆ ಫ್ಯಾಕ್ಟರಿಯ ಲೈಬ್ರರಿಯಿಂದ ಇಂಗ್ಲಿಷ್ ಮ್ಯಾಗಜೀನುಗಳು ಬರುತ್ತವೆ. ಅದರಲ್ಲಿ ಇದರ ಬಗ್ಗೆಯೇ ದೊಡ್ಡ ಲೇಖನವಿತ್ತು. ತಿಳಿ ಬಣ್ಣದ ಸೀರೆ ಉಡು. ಕೈಯಲ್ಲಿ ಒಂದು ಫೈಲು ಇರಲಿ. ಒಳಗೆ ಹೋಗುವಾಗ ನಗುಮುಖ. ಪ್ರಶ್ನೆ ಕೇಳಿದವರ ಕಣ್ಣನ್ನೇ ನೋಡಿ ಉತ್ತರ ಹೇಳು, ನೀನು ನೆಲ ನೋಡುತ್ತೀಯ, ನನಗೆ ಗೊತ್ತು. ಹವ್ಯಾಸ ಕೇಳಿದರೆ 'ಓದುವುದು' ಎನ್ನು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡ. ಬಿಳೇಕಹಳ್ಳಿಯ ವಿಳಾಸ ಹಾಕುವುದೇ ಬೇಡ. ನಮ್ಮ ಮನೆಯದು ಹಾಕು. ಅಪ್ಪನ ಹೆಸರಿನಲ್ಲಿ, ಕೇರಾಫ್ ಅನಂತರಾಮು, ಜಯನಗರ ಮೂರನೇ ಬ್ಲಾಕ್. ಕಾಗದ ಬಂದರೆ ಅಮ್ಮ ತೆಗೆದಿಡುತ್ತಾರೆ, ನೀನು ವಾರಕ್ಕೊಮ್ಮೆ ಹೋಗಿ ಈಸಿಕೊ. ಅಮ್ಮನಿಗೆ ಬರೆದಿದ್ದೇನೆ, ಅವರು ಒಪ್ಪಿದ್ದಾರೆ. ಇಂಥ ಸಣ್ಣ ಸಹಾಯವೂ ಆಗದಿದ್ದರೆ ಸ್ನೇಹ ಯಾತಕ್ಕೆ?

ನಿನ್ನ ಪಂಕಜಾ


ಬಿಳೇಕಹಳ್ಳಿ
೩೦ ಆಗಸ್ಟ್ ೧೯೮೧

ಪಂಕಜಾ,

ನಿನ್ನ ವಿಳಾಸಕ್ಕೆ ಮಂತ್ರಶಕ್ತಿ ಇದೆ. ಅದೇ ಅರ್ಜಿ, ಅದೇ ಮಾರ್ಕ್ಸು, ಅದೇ ಹೆಸರು. ಕೆಳಗಿನ ಒಂದು ಸಾಲು ಬದಲಾಯಿಸಿದೆ. ಇಂಟರ್‌ವ್ಯೂ ಕಾಗದಗಳು ಬರತೊಡಗಿದವು! ನಿಮ್ಮ ಅಮ್ಮ ಗೇಟಿನ ಹತ್ತಿರವೇ ತಂದು ಕೊಡುತ್ತಾರೆ. ಮೊದಲ ಸಲ "ಬಿಸಿಲಲ್ಲಿ ಬಂದಿದೀಯ, ನೀರು ಕುಡೀತೀಯಾ" ಎಂದು ಕೇಳಿದರು. ಖುಷಿಪಡಬೇಕೋ ಅಳಬೇಕೋ ತಿಳಿಯದೆ ಬಸ್ಸು ಹತ್ತಿ ಬಂದೆ.

ಇಂಟರ್‌ವ್ಯೂ ವಿಷಯ ಕೇಳು. ತಿಳಿ ಹಸಿರು ಸೀರೆ ಉಟ್ಟೆ. ಫೈಲು ಹಿಡಿದೆ. ಒಳಗೆ ಹೋಗಿ ನೋಡಿದರೆ ಬೆಂಚಿನ ಉದ್ದಕ್ಕೂ ತಿಳಿ ಹಳದಿ, ತಿಳಿ ಗುಲಾಬಿ, ತಿಳಿ ನೀಲಿ. ಎಲ್ಲರ ಕೈಯಲ್ಲೂ ಫೈಲು, ಎಲ್ಲರ ಮುಖದಲ್ಲೂ ನಗು. ನಿಮ್ಮವರ ಮ್ಯಾಗಜೀನನ್ನು ಇಡೀ ಜಯನಗರ ಓದಿದೆ ಎಂದು ಕಾಣುತ್ತದೆ. ಎಲ್ಲರೂ ಎದ್ದು ಕಾಣಲೆಂದೇ ಬಂದಿದ್ದೆವು, ಯಾರೊಬ್ಬರೂ ಕಾಣಲಿಲ್ಲ.

ಹವ್ಯಾಸ ಕೇಳಿದರು. 'ಓದುವುದು' ಎಂದೆ. ಅಧಿಕಾರಿ ಪೆನ್ನು ಕೆಳಗಿಟ್ಟು, "ಬೆಳಗಿಂದ ಬಂದೋರೆಲ್ಲ ಓದೋರೇ ಕಣ್ರೀ. ಹಾಗಾದ್ರೆ ಟೈಪ್ ಮಾಡೋರು ಯಾರು?" ಎಂದರು. ನಾನು ಕೊನೆಗೆ ನೆಲವನ್ನೇ ನೋಡಿದೆ.

ಆ ಕೆಲಸ ಸಿಗಲಿಲ್ಲ. ಪರವಾಗಿಲ್ಲ. ಬಾಗಿಲಾದರೂ ತೆರೆಯುತ್ತಿದೆ.

ಜಯಶೀಲಾ


ಭಿಲಾಯಿ
೧೬ ಸೆಪ್ಟೆಂಬರ್ ೧೯೮೧

ಜಯಾ,

ನಾನು ಹೇಳಲಿಲ್ಲವೇ? ಆ ಅಧಿಕಾರಿಗೆ ಒಂದು ಚುರುಕಾದ ಉತ್ತರ ಕೊಡಬೇಕಿತ್ತು. "ಓದಿದ್ದನ್ನು ನಾನೇ ಟೈಪ್ ಮಾಡುತ್ತೇನೆ ಸಾರ್" ಎಂದಿದ್ದರೆ ಸಾಕಿತ್ತು. ಇಂಥದ್ದು ನಿನಗೆ ಹೊಳೆಯುವುದಿಲ್ಲ, ಆತ್ಮವಿಶ್ವಾಸ ಕಡಿಮೆ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡು.

ಅಪ್ಪ ಅವ್ವ ಹೇಗಿದ್ದಾರೆ? ಈ ಸಲ ನೀನು ಅವರ ವಿಷಯವನ್ನೇ ಬರೆಯಲಿಲ್ಲ.

ಪಂಕಜಾ


ಬಿಳೇಕಹಳ್ಳಿ
೨೫ ಅಕ್ಟೋಬರ್ ೧೯೮೧

ಪಂಕಜಾ, ಪಂಕಜಾ, ಪಂಕಜಾ,

ಆಯಿತು ಕಣೇ! ಜೆ.ಪಿ. ನಗರದಲ್ಲಿ ಸ್ವಿಚ್ಚು ತಯಾರಿಸುವ ಕಂಪನಿಯೊಂದಿದೆ. ಅಲ್ಲಿ ಹವ್ಯಾಸ ಗಿವ್ಯಾಸ ಕೇಳಲಿಲ್ಲ. ಮ್ಯಾನೇಜರು ಪತ್ರ ಹೇಳಿದರು, ನಾನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡೆ, ಅಲ್ಲೇ ಕೂತು ಟೈಪ್ ಮಾಡಿದೆ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಒಂದೂ ತಪ್ಪಿರಲಿಲ್ಲ.

"ಜಯನಗರದಿಂದ ಬರ್ತೀರಿ. ಒಳ್ಳೇದು, ಹತ್ರ. ಅನಂತರಾಮು ಅವ್ರು ನಿಮಗೇನಾಗ್ಬೇಕು?"

"ಅವರ ಮನೆ ಮಗಳ ಹಾಗೆ ಸಾರ್" ಎಂದೆ. ಸುಳ್ಳೋ ನಿಜವೋ ನೀನೇ ಹೇಳು.

"ಆರ್ಡರ್ ಕಳಿಸ್ತೀವಿ. ಅದಕ್ಕೆ ಮುಂಚೆ ನಮ್ಮೋರೊಬ್ಬರು ಮನೆ ಹತ್ರ ಬಂದು ವಿಚಾರಿಸ್ಕೊಂಡು ಹೋಗ್ತಾರೆ. ರೂಲ್ಸು" ಎಂದರು.

ಅವ್ವನಿಗೆ ಹೇಳಿದೆ. ಅವಳು ಒಲೆಯ ಮುಂದೆ ಕೂತು ಪಾಯಸಕ್ಕೆ ಬೆಲ್ಲ ಕುಟ್ಟತೊಡಗಿದಳು. ಅಪ್ಪನಂತೂ ಕೆಲಸದ ಕಡೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾನೆ. ಬೇಡಪ್ಪಾ, ಆರ್ಡರ್ ಬರಲಿ ಎಂದರೆ ಕೇಳಬೇಕಲ್ಲ.

ನಿನ್ನ ಋಣ ತೀರಿಸಲಾರೆ.

ಜಯಶೀಲಾ


ಭಿಲಾಯಿ
೨೦ ನವೆಂಬರ್ ೧೯೮೧

ಜಯಾ,

ಎಲ್ಲಿ ಹೋದೆ? ಆರ್ಡರ್ ಬಂತೇ, ಸೇರಿದೆಯಾ, ಆಫೀಸು ಹೇಗಿದೆ, ಪಕ್ಕದಲ್ಲಿ ಯಾರು ಕೂರುತ್ತಾರೆ? ಎಲ್ಲಾ ಬರೆ. ನಮ್ಮವರಿಗೆ ನಿನ್ನ ವಿಷಯ ಹೇಳಿದೆ. "ನಿನ್ನ ಸಲಹೆ ಕೇಳಿ ಒಬ್ಬರಾದರೂ ಉದ್ಧಾರವಾದರಲ್ಲ" ಎಂದು ತಮಾಷೆ ಮಾಡಿದರು. ಮೊದಲ ತಿಂಗಳು ರಜೆ ಹಾಕಬೇಡ.

ಪಂಕಜಾ


ಬಿಳೇಕಹಳ್ಳಿ
೫ ಡಿಸೆಂಬರ್ ೧೯೮೧

ಪಂಕಜಾ,

ಆ ಕೆಲಸ ಆಗಲಿಲ್ಲ. ಬೇರೆಯವರನ್ನು ತೆಗೆದುಕೊಂಡರು.

ಇನ್ನು ಮುಂದೆ ನಿಮ್ಮ ಮನೆಯ ವಿಳಾಸ ಹಾಕುವುದಿಲ್ಲ. ನಿಮ್ಮ ಅಮ್ಮನಿಗೆ ತೊಂದರೆ ಕೊಟ್ಟದ್ದು ಸಾಕು.

ಚಳಿ ಜಾಸ್ತಿಯಾಗಿದೆ. ಬೇರೆ ವಿಶೇಷ ಇಲ್ಲ.

ಜಯಶೀಲಾ


ಭಿಲಾಯಿ
೨೮ ಡಿಸೆಂಬರ್ ೧೯೮೧

ಜಯಾ,

ಇದೇನು ನಾಲ್ಕು ಸಾಲಿನ ಕಾಗದ? ಬೇಸರವಾಗಿರುವುದು ಸಹಜ. ಆದರೆ ಕೈಗೆ ಬಂದ ಕೆಲಸ ಹೇಗೆ ತಪ್ಪಿತು ಎಂದು ಯೋಚಿಸಿದೆಯಾ? ಏನೋ ಮಾತಾಡಿರಬೇಕು, ಇಲ್ಲವೇ ಆರ್ಡರ್ ಯಾವಾಗ ಎಂದು ಹೋಗಿ ಪೀಡಿಸಿರಬೇಕು. ನೀನು ದುಡುಕುತ್ತೀಯ. ಸೋತ ಕಡೆ ನಮ್ಮ ತಪ್ಪು ಎಲ್ಲಿದೆ ಎಂದು ನೋಡಿಕೊಳ್ಳುವವರೇ ಮುಂದೆ ಬರುವುದು.

ಇನ್ನೊಂದು. ಅಮ್ಮ ಬರೆದಿದ್ದಾರೆ, "ನಿನ್ನ ಸ್ನೇಹಿತೆ ಈಗ ಈ ಕಡೆ ತಲೆಯನ್ನೇ ಹಾಕುವುದಿಲ್ಲ" ಎಂದು. ಕೆಲಸ ಆಗುವವರೆಗೆ ಬಂದು, ಆಮೇಲೆ ಹೀಗೆ ಮಾಡಿದರೆ ಹಿರಿಯರಿಗೆ ಹೇಗನಿಸುತ್ತದೆ? ಹಬ್ಬಕ್ಕಾದರೂ ಹೋಗಿ ಒಂದು ಮಾತು ಹೇಳಿ ಬಾ.

ಪಂಕಜಾ


ಬಿಳೇಕಹಳ್ಳಿ
೧೦ ಜನವರಿ ೧೯೮೨

ಪಂಕಜಾ,

ಬರೆಯಬಾರದೆಂದು ಹಲ್ಲು ಕಚ್ಚಿಕೊಂಡಿದ್ದೆ. ನೀನು ಬಿಡಲಿಲ್ಲ. ಓದು.

ಆರ್ಡರ್ ಬಾರದೆ ಇದ್ದಾಗ ನಾನು ಕಂಪನಿಗೆ ಹೋದದ್ದು ನಿಜ. ಒಳಗೆ ಬಿಡಲಿಲ್ಲ. ಮನೆ ವಿಚಾರಿಸಲು ಹೋಗಿದ್ದ ಅಟೆಂಡರು ಬೈರಣ್ಣ ಎಂಬವನು ಗೇಟಿನಲ್ಲಿದ್ದ. ವಯಸ್ಸಾದವನು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ.

"ನಾನೇ ಓಗಿದ್ದೆ ಕಣಮ್ಮ. ಮನೆ ಅಮ್ಮಾವ್ರು ಈಚೆ ಬಂದ್ರು. ಜಯಶೀಲಾ ಅನ್ನೋರು ಇಲ್ಲೇ ಇರೋದಾ ಅಂದೆ. ಅಂತೋರು ಯಾರೂ ಇಲ್ಲ ಅಂದ್ರು. ಸಂಬಂಧದೋರಾ ಅಂದೆ. ನಮಗೂ ಅವ್ರಿಗೂ ಏನ್ ಸಂಬಂಧ, ಟೈಪಿಂಗಿಗೆ ಬರ್ತಿದ್ದ ಹುಡುಗಿ ಯಾರೋ ಇರ್ಬೇಕು, ನಮಗ್ ಗೊತ್ತಿಲ್ಲ ಅಂದ್ರು. ನಾನ್ ಕೇಳಿದ್ದನ್ನೇ ಇಲ್ಲಿ ಬಂದ್ ಹೇಳ್ದೆ ಕಣವ್ವ, ಸುಳ್ಳು ಹೇಳಕ್ಕಾಗ್ಲಿಲ್ಲ."

ಅಲ್ಲಿಂದ ನೇರವಾಗಿ ನಿಮ್ಮ ಮನೆಗೆ ನಡೆದೆ. ನಿಮ್ಮ ಅಮ್ಮ ಗೇಟು ತೆರೆಯಲಿಲ್ಲ, ಅದರ ಮೇಲೆ ಕೈಯಿಟ್ಟು ನಿಂತರು.

"ಯಾಕಮ್ಮಾ ಹಾಗಂದ್ರಿ?" ಎಂದೆ.

"ಮತ್ತೇನ್ ಅನ್ಲಿ? ಅವ್ನು ರಸ್ತೇಲಿ ನಿಂತು ಜೋರಾಗಿ ಕೇಳ್ದ. ಪಕ್ಕದ ಮನೆಯೋರು ನೋಡ್ತಿದ್ರು. ನೀನು ನಮ್ಮನೆ ಹುಡುಗಿ ಅಂತ ಹೇಗಮ್ಮ ಹೇಳೋದು? ನಿನಗೇ ಗೊತ್ತಲ್ಲ."

"ಪರಿಚಯದೋಳು ಅನ್ನಬಹುದಿತ್ತು."

"ಪಂಕಜಾ ಕಾಗದ ಬರತ್ತೆ, ಎತ್ತಿಡು ಅಂತ ಬರೆದಿದ್ಳು. ಹೀಗೆಲ್ಲ ವಿಚಾರಿಸಕ್ಕೆ ಬರ್ತಾರೆ ಅಂತ ಬರೆದಿರ್ಲಿಲ್ಲ. ನನ್ನ ಕೇಳಿದ್ರೆ ಮೊದಲೇ ಬೇಡ ಅಂತಿದ್ದೆ" ಎಂದರು. ನಾನು ತಿರುಗಿದಾಗ, "ನೀರು ಕುಡೀತೀಯಾ?" ಎಂದು ಕೇಳಿದರು. ಪಂಕಜಾ, ನಿಮ್ಮ ಅಮ್ಮ ಕೆಟ್ಟವರಲ್ಲ, ಅದೇ ನನಗೆ ಉರಿಯುವುದು. ಕೆಟ್ಟವರಾಗಿದ್ದರೆ ಬೈದು ಬಂದುಬಿಡುತ್ತಿದ್ದೆ.

ಅಮ್ಮ ಒಪ್ಪಿದ್ದಾರೆ ಎಂದು ಬರೆದಿದ್ದೆಯಲ್ಲ, ಯಾವುದಕ್ಕೆ ಒಪ್ಪಿದ್ದರು?

ಅಪ್ಪನ ವಿಷಯ ಬರೆಯಲಿಲ್ಲ ಎಂದಿದ್ದೆಯಲ್ಲ. ಬರೆಯುತ್ತೇನೆ. ಕಲ್ಲಿನ ಧೂಳು ಅವನ ಎದೆಗೆ ಕೂತಿದೆ. ಎರಡು ಮಾತಾಡುವಷ್ಟರಲ್ಲಿ ಕೆಮ್ಮು. ಉಳಿ ಮುಟ್ಟಬೇಡ ಎಂದು ಡಾಕ್ಟರು ಮಳೆಗಾಲದಲ್ಲೇ ಹೇಳಿದರು. "ಮಗಳಿಗೆ ಕೆಲ್ಸ ಆಗ್ಲಿ, ಬಿಡ್ತೀನಿ" ಎಂದು ದಿನವೂ ಹೋಗುತ್ತಾನೆ. ಆ ಪಾಯಸ ತಿಂದ ದಿನ ಮೇಸ್ತ್ರಿಗೆ ಇನ್ನು ಬರುವುದಿಲ್ಲ ಎಂದು ಹೇಳಿ ಬಂದಿದ್ದ. ಆರ್ಡರ್ ಬಾರದೆ ಹೋದ ಮೇಲೆ ಮತ್ತೆ ಹೋಗಿ ಕೇಳಿಕೊಂಡ. ಇದನ್ನು ನಾನು ಕನ್ನಡಿಯ ಮುಂದೆ ಯಾವ ನಗುಮುಖ ಅಭ್ಯಾಸ ಮಾಡಿದ್ದರೆ ತಪ್ಪಿಸಬಹುದಿತ್ತು ಹೇಳು.

ನೀನು ಯಾವ ಇಂಟರ್‌ವ್ಯೂ ಬೆಂಚಿನ ಮೇಲೆ ಕೂತಿದ್ದೀಯ? ಒಂದಾದರೂ?

ಉತ್ತರ ಬರೆಯಬೇಡ.

ಜಯಶೀಲಾ


ಭಿಲಾಯಿ
೨೧ ಮಾರ್ಚ್ ೧೯೮೨

ಜಯಶೀಲಾ,

ಬರೆಯಬೇಡ ಎಂದೆ. ಎರಡು ತಿಂಗಳು ಬರೆಯಲಿಲ್ಲ.

ಒಂದಕ್ಕೂ ಹೋಗಿಲ್ಲ. ನನಗೆ ಕೆಲಸಕ್ಕೆ ಹೋಗುವ ಆಸೆಯಿತ್ತು, ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನ ಇಂಟರ್‌ವ್ಯೂಗಳಿಗೆ ಇಲ್ಲಿಂದಲೇ ಹೋಗಿ ಬರುತ್ತಿದ್ದೆ ಎಂದು ಕಾಣುತ್ತದೆ.

ಅಮ್ಮನಿಗೆ ಪೂರ್ತಿ ವಿಷಯ ಬರೆಯಲಿಲ್ಲ. ಬರೆದರೆ ಏನೆನ್ನುತ್ತಾರೆ ಎಂದು ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಆ ಗೇಟಿಗೆ ಕಳಿಸಿದೆ.

ನಿನ್ನ ಕಾಗದ ಬಂದ ಮೇಲೆ ಅಮ್ಮನನ್ನು ಕೇಳಿ ಬರೆದೆ. "ನಾನು ಸುಳ್ಳು ಹೇಳಿಲ್ಲವಲ್ಲ" ಎಂದು ಉತ್ತರ ಬಂತು. ಆ ಕಂಪನಿಯ ಮ್ಯಾನೇಜರಿಗೂ ಬರೆದೆ. ಉತ್ತರವೇ ಇಲ್ಲ. ಉತ್ತರವಿಲ್ಲದಿದ್ದರೆ ಹೇಗಿರುತ್ತದೆ ಎಂದು ಅಷ್ಟಾದರೂ ತಿಳಿಯಿತು.

ಬೇಸಿಗೆಗೆ ಬೆಂಗಳೂರಿಗೆ ಬರುತ್ತಿದ್ದೇನೆ. ನೀನು ನಮ್ಮ ಮನೆಯ ಗೇಟಿಗೆ ಎಷ್ಟೋ ಸಲ ಬಂದಿದ್ದೀಯ. ನಾನು ಬಿಳೇಕಹಳ್ಳಿಗೆ ಒಮ್ಮೆಯೂ ಬಂದಿಲ್ಲ. ಬರಲೇ? ಬೇಡ ಎಂದರೂ ಬರೆ.

ಪಂಕಜಾ


ಬಿಳೇಕಹಳ್ಳಿ
೯ ಮೇ ೧೯೮೨

ಪಂಕಜಾ,

ತಡವಾಗಿ ಬರೆಯುತ್ತಿದ್ದೇನೆ. ಸಿಟ್ಟು ಪೂರ್ತಿ ಇಳಿದಿಲ್ಲ, ಅದು ಇಳಿಯಲೆಂದು ಕಾದರೆ ಈ ಕಾಗದ ಹೊರಡುವುದಿಲ್ಲ.

ಫೆಬ್ರವರಿಯಲ್ಲಿ ಬನಶಂಕರಿಯ ಒಂದು ಸಹಕಾರ ಸಂಘದ ಆಫೀಸಿನಲ್ಲಿ ಟೈಪಿಸ್ಟ್ ಹೆರಿಗೆಗೆ ಹೋದಳು. ಅವಳ ಜಾಗಕ್ಕೆ ನನ್ನನ್ನು ತೆಗೆದುಕೊಂಡರು. ಅರ್ಜಿಯಲ್ಲಿ ಬಿಳೇಕಹಳ್ಳಿ ಕಾಲೋನಿ ಎಂದೇ ಬರೆದಿದ್ದೆ. ತಾತ್ಕಾಲಿಕ ಕೆಲಸವಾದ್ದರಿಂದ ಯಾರೂ ಅಷ್ಟು ನೋಡಲಿಲ್ಲವೋ ಏನೋ. ಬಸ್ಸು ತಪ್ಪಿದ ದಿನ ಬೆಳಿಗ್ಗೆ ನಡೆದು ಹೋಗಿದ್ದೇನೆ, ತಡವಾಗಿ ಹೋಗಿಲ್ಲ.

ಏಪ್ರಿಲ್‌ನಲ್ಲಿ ಅಲ್ಲೇ ಒಂದು ಕಾಯಂ ಟೈಪಿಸ್ಟ್ ಹುದ್ದೆಗೆ ಪೇಪರಿನಲ್ಲಿ ಹಾಕಿದರು. ನಾನೂ ಅರ್ಜಿ ಕೊಟ್ಟೆ. "ನೀನು ಹೇಗೂ ಇಲ್ಲೇ ಇದೀಯಲ್ಲ, ನಿನಗೇ ಆಗತ್ತೆ" ಎಂದು ಎಲ್ಲರೂ ಹೇಳತೊಡಗಿದರು. ಅರ್ಜಿಗಳು ಮೂಟೆ ಮೂಟೆ ಬಂದವು. ಅವನ್ನು ವಿಂಗಡಿಸುವ ಕೆಲಸ ನನಗೇ ಬಿತ್ತು. ಅಭ್ಯರ್ಥಿಯಾದವಳು ಮುಟ್ಟಬಾರದು ಎಂದು ಯಾರಿಗೂ ಅನಿಸಲಿಲ್ಲ, ಟೈಪಿಸ್ಟ್ ನಾನೊಬ್ಬಳೇ.

ನಮ್ಮ ಸೂಪರಿಂಟೆಂಡೆಂಟ್ ದೇವದಾಸ್ ಸಾರ್ ಬಂದು ಕಟ್ಟು ನೋಡಿ ನಿಟ್ಟುಸಿರು ಬಿಟ್ಟರು.

"ಇಷ್ಟು ಜನಾನ ಎಲ್ಲಮ್ಮ ಕರೆಯೋದು? ಒಂದು ಕೆಲಸ ಮಾಡು. ಹಳ್ಳಿ ಕಡೆಯೋವೆಲ್ಲ ತೆಗೆದು ಪಕ್ಕಕ್ಕಿಡು. ಗೊಟ್ಟಿಗೆರೆ, ಹುಳಿಮಾವು, ಅಲ್ಲಿಂದೆಲ್ಲ ಟೈಮಿಗೆ ಬರಲ್ಲ."

"ಸಾರ್, ನಾನು ಬಿಳೇಕಹಳ್ಳಿ."

"ಅಯ್ಯೋ, ನಿನ್ನ ವಿಷಯ ಬೇರೆ ಬಿಡು."

ಪಂಕಜಾ, ಅವರು ಅದನ್ನು ಒಳ್ಳೆಯ ಮಾತೆಂದೇ ಹೇಳಿದರು. ಕೊನೆಗೂ ನಾನು ಎದ್ದು ಕಂಡೆ! ಉಳಿದವರನ್ನೆಲ್ಲ ಪಕ್ಕಕ್ಕೆ ಎತ್ತಿಟ್ಟರೆ ಕಾಣದೇನು. ನಾನು ತೆಗೆದಿಟ್ಟೆ. ಸುಳ್ಳು ಹೇಳುವುದಿಲ್ಲ, ಒಂದು ಮಧ್ಯಾಹ್ನ ಪೂರ್ತಿ ತೆಗೆದಿಟ್ಟೆ. ಆ ಕಟ್ಟು ನೋಡುತ್ತ ಊಟ ಸೇರಲಿಲ್ಲ. ಸಂಜೆ ಎಲ್ಲವನ್ನೂ ಮತ್ತೆ ಬೆರೆಸಿ, ಊರಿನ ಮೇಲಲ್ಲ, ಹೆಸರಿನ ಮೇಲೆ ಜೋಡಿಸಿ ಅವರ ಮೇಜಿನ ಮೇಲಿಟ್ಟೆ.

"ಇದೇನು, ಹಾಗೇ ಇದೆ?"

"ಎಲ್ಲರನ್ನೂ ಟೈಪಿಂಗ್ ಟೆಸ್ಟಿಗೆ ಕರೀರಿ ಸಾರ್. ಕಾರ್ಡುಗಳನ್ನೆಲ್ಲ ನಾನೇ ಟೈಪ್ ಮಾಡಿಕೊಡ್ತೀನಿ. ಬರೋರು ಟೈಮಿಗೆ ಬರ್ತಾರೋ ಇಲ್ವೋ ಅವತ್ತೇ ಗೊತ್ತಾಗತ್ತೆ."

"ತಲೆ ಕೆಟ್ಟಿದ್ಯಾ? ನಿನ್ನದೂ ಅರ್ಜಿ ಇದೆ ಇದರಲ್ಲಿ."

"ಗೊತ್ತು ಸಾರ್."

"ನಿನ್ನ ಹಣೇಬರಹ" ಎಂದು ಸಹಿ ಹಾಕಿದರು.

ಟೆಸ್ಟು ಹೋದ ವಾರ ಆಯಿತು. ಹಳ್ಳಿ ಕಡೆಯವರು ಆಫೀಸಿನ ಬೀಗ ತೆಗೆಯುವ ಮೊದಲೇ ಬಂದು ಕಾಂಪೌಂಡಿನಲ್ಲಿ ಕೂತಿದ್ದರು. ಗೊಟ್ಟಿಗೆರೆಯ ಅಣ್ಣಮ್ಮ ಎನ್ನುವವಳು, ಚಪ್ಪಲಿಯ ಬಾರಿಗೆ ಪಿನ್ನು ಹಾಕಿಕೊಂಡು ಬಂದಿದ್ದಳು, ನನ್ನ ಪಕ್ಕದ ಮಿಶನ್ನಿನ ಮುಂದೆ ಕೂತಳು. ಅವಳ ಮಿಶನ್ನಿನ ಸದ್ದು ಕೇಳುತ್ತಿದ್ದಂತೆಯೇ ನನಗೆ ತಿಳಿದುಹೋಯಿತು. ತಡವರಿಕೆಯೇ ಇಲ್ಲ.

ಕೆಲಸ ಅವಳಿಗಾಯಿತು.

ದೇವದಾಸ್ ಸಾರ್ ಕರೆದು, "ನಾನು ಹೇಳ್ದಂಗೆ ಕೇಳಿದ್ರೆ ನಿಂದೇ ಆಗಿತ್ತಲ್ಲಮ್ಮ" ಎಂದರು. ಹಂಗಿಸಲಿಲ್ಲ, ಅವರಿಗೆ ನಿಜಕ್ಕೂ ಬೇಜಾರಾಗಿತ್ತು. ನಾನು ಹಿಂದಿನ ಸ್ಟೋರ್ ರೂಮಿಗೆ ಹೋಗಿ ಅತ್ತೆ. ದೊಡ್ಡ ಮನಸ್ಸು ಮಾಡಿದೆ, ಒಳಗೆ ಶಾಂತಿ ಸಿಕ್ಕಿತು ಎಂದು ಬರೆದರೆ ನಿನ್ನ ಮ್ಯಾಗಜೀನಿನ ಹಾಗಾಗುತ್ತದೆ. ನನ್ನನ್ನು ನಾನೇ ಬೈದುಕೊಂಡೆ. ಅಪ್ಪನ ಎದೆ ನೆನೆದು ಬೈದುಕೊಂಡೆ. ಮನೆಗೆ ಬಂದು ಹೇಳಿದಾಗ ಅವ್ವ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಮಾತ್ರ, "ಆ ಮಗಾ ನಿನಗಿಂತ ಚೆನ್ನಾಗಿ ಹೊಡೀತಾ?" ಎಂದು ಕೇಳಿದ. ಹೌದು ಎಂದೆ. "ಅಂಗಾರೆ ಸರಿ" ಎಂದು ಮಗ್ಗುಲಾದ. ಮಾರನೆಯ ದಿನ ಮತ್ತೆ ಕಲ್ಲಿಗೆ ಹೋದ. ಅವನು ಹೋಗುವುದನ್ನು ನೋಡಲಾರದೆ ನಾನು ಒಳಗೇ ಕೂತಿದ್ದೆ.

ಹೆರಿಗೆಗೆ ಹೋದವಳು ಜುಲೈಗೆ ಬರುತ್ತಾಳೆ. ಅಲ್ಲಿಯವರೆಗೆ ನಾನು ಅಲ್ಲೇ ಇದ್ದೇನೆ. ನಿನ್ನೆ ಅಣ್ಣಮ್ಮ ಕೆಲಸಕ್ಕೆ ಸೇರಿದಳು. ಅವಳಿಗೆ ಯಾರೋ ಎಲ್ಲ ಹೇಳಿಬಿಟ್ಟಿದ್ದಾರೆ. ನನ್ನ ಮೇಜಿನ ಹತ್ತಿರ ನಿಂತು, "ಅಕ್ಕಾ, ನಿಮ್ ಕೆಲ್ಸ ನಾನ್ ಕಿತ್ಕೊಂಡ್ನಾ?" ಎಂದಳು.

ಹೌದು ಎನ್ನಲು ಬಾಯಿ ತೆರೆದೆ. "ಟೈಪ್ ಮಾಡಿ ತಗೊಂಡಿದೀಯ. ಕೂತ್ಕೋ, ರಿಬ್ಬನ್ ಎಲ್ಲಿರತ್ತೆ ತೋರಿಸ್ತೀನಿ" ಎಂದೆ. ಸಿಹಿಯಾಗಿಯೇನೂ ಹೇಳಲಿಲ್ಲ. ಅವಳು ಕೂತಳು.

ನೀನು ಬಾ. ಬನ್ನೇರುಘಟ್ಟ ರಸ್ತೆಯಲ್ಲಿ ಇಳಿದು, ಅಪ್ಪನ ಹೆಸರು ಹೇಳಿ, ಯಲ್ಲಯ್ಯನ ಮನೆ ಎಂದು ಕೇಳು, ಕಾಲೋನಿಯವರೆಗೆ ಯಾರಾದರೂ ಕರೆದುಕೊಂಡು ಬರುತ್ತಾರೆ. ೨೪ನೇ ತಾರೀಖು ಸೋಮವಾರ ಮಾತ್ರ ಬೇಡ, ಇನ್ನೊಂದು ಕಡೆ ಟೆಸ್ಟಿಗೆ ಕರೆದಿದ್ದಾರೆ. ಕರೆದ ಕಾರ್ಡು ನಮ್ಮ ಮನೆಗೇ ಬಂತು.

ಜಯಶೀಲಾ